ಸೂಜಿ ಹಿಡಿದ ಕೈ ಕಟ್ಟಿದ ಗಾಜಿನ ತೊಟ್ಟಿ

ಮುಂಬಯಿಯ ನಮ್ಮ ಫ್ಲ್ಯಾಟಿನಲ್ಲಿ ಇಪ್ಪತ್ತೆರಡು ವರ್ಷ ಹೊಲಿಗೆ ಮೆಷಿನ್ ಇದ್ದ ಜಾಗದಲ್ಲಿ ಈಗ ಎರಡಡಿ ಉದ್ದದ ಗಾಜಿನ ತೊಟ್ಟಿ ಇದೆ. ಅದರೊಳಗೆ ಒಂದು ಕ್ರೇಫಿಶ್. ಸಿಹಿನೀರಿನ ಪ್ರಾಣಿ. ನೋಡಿದರೆ ದೊಡ್ಡ ಸೀಗಡಿಗೆ ಏಡಿಯ ಇಕ್ಕಳ ಜೋಡಿಸಿದ ಹಾಗಿರುತ್ತದೆ. ಕುಂದಾಪುರದ ಕಡೆಯವರಾದ ನಮಗೆ ಸೀಗಡಿ ಎಂದರೆ ಚಟ್ನಿ, ಇಲ್ಲವೇ ಸುಕ್ಕ. ಅದರ ಬಳಗದ ಒಂದನ್ನು ಹೆಸರಿಟ್ಟು ಸಾಕುತ್ತಿದ್ದೇವೆ ಎಂದರೆ ಪಕ್ಕದ ಮನೆಯವರು ನಗದೆ ಇರುತ್ತಾರೆಯೇ?

ಮೊಮ್ಮಗನ ಹುಟ್ಟುಹಬ್ಬಕ್ಕೆ ತಂದ ಮೊದಲ ಕ್ರೇಫಿಶ್ ಮೂರನೆಯ ದಿನ ಸತ್ತುಹೋಯಿತು. ತಪ್ಪು ನನ್ನದೇ. ನಲ್ಲಿ ನೀರು ತುಂಬಿಸಿ ಅದೇ ಸಂಜೆ ಬಿಟ್ಟಿದ್ದೆ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆಂಬುದು ಪಿಯುಸಿಯಲ್ಲಿ ವಿಜ್ಞಾನ ಓದಿದ ನನಗೆ ಗೊತ್ತಿಲ್ಲದ್ದಲ್ಲ. ಅವಸರದಲ್ಲಿ ಮರೆತೆ. ಮೊಮ್ಮಗ ಅಳಲಿಲ್ಲ. ಇಂಥ ತೊಟ್ಟಿಯನ್ನು ಮೊದಲು ಮಾಡಿದವರು ಯಾರು, ಅವರಿಗೂ ಹೀಗೆ ಆಗಿತ್ತೇ ಎಂದಷ್ಟೇ ಕೇಳಿದ. ಉತ್ತರ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದವಳು ನನ್ನ ಹಾಗೆಯೇ ಬಟ್ಟೆ ಹೊಲಿಯುತ್ತಿದ್ದ ಒಬ್ಬ ಹೆಣ್ಣುಮಗಳು, ಜೀನ್ ವಿಲ್‌ಪ್ರೋ ಪವರ್.

ಜೀನ್ ಹುಟ್ಟಿದ್ದು 1794ರ ಸೆಪ್ಟೆಂಬರ್‌ನಲ್ಲಿ, ಫ್ರಾನ್ಸಿನ ಜುಯಿಯಾಕ್ ಎಂಬ ಹಳ್ಳಿಯಲ್ಲಿ. ತಂದೆ ಚಪ್ಪಲಿ ಹೊಲಿಯುವವರು, ತಾಯಿ ಬಟ್ಟೆ ಹೊಲಿಯುವವರು. ಬಾಲ್ಯದಲ್ಲೇ ತಾಯಿ ತೀರಿಕೊಂಡರು. ಸುಮಾರು 18ರ ವಯಸ್ಸಿನಲ್ಲಿ ಆಕೆ ಕೆಲಸ ಹುಡುಕಿಕೊಂಡು ಪ್ಯಾರಿಸ್‌ಗೆ ಹೊರಟಳು. 400 ಕಿಲೋಮೀಟರ್‌ಗೂ ಹೆಚ್ಚಿನ ದಾರಿ, ಅದೂ ಕಾಲ್ನಡಿಗೆಯಲ್ಲಿ. ಜೊತೆಗೆ ರಕ್ಷಣೆಗೆಂದು ಬಂದ ಬಂಧುವೇ ದಾರಿಯಲ್ಲಿ ಆಕೆಯ ಮೇಲೆ ಕೈಮಾಡಿದ. ಪ್ರಯಾಣದ ಕಾಗದಪತ್ರಗಳೂ ಹೋದವು. ಹೊಸ ಕಾಗದ ಸಿಕ್ಕಿ ಪ್ಯಾರಿಸ್ ಮುಟ್ಟುವಷ್ಟರಲ್ಲಿ ಅವಳಿಗೆಂದು ಇದ್ದ ಕೆಲಸ ಬೇರೆಯವರ ಪಾಲಾಗಿತ್ತು. ಆದರೂ ಊರಿಗೆ ಮರಳಲಿಲ್ಲ. ಇನ್ನೊಬ್ಬ ದರ್ಜಿಯ ಬಳಿ ಸಹಾಯಕಿಯಾಗಿ ಸೇರಿಕೊಂಡಳು.

ನಾಲ್ಕೇ ವರ್ಷ. 1816ರಲ್ಲಿ ರಾಜಕುಮಾರಿ ಕ್ಯಾರೊಲೈನ್ ಮದುವೆಗೆ ಉಟ್ಟ ಉಡುಪನ್ನು ಹೊಲಿದವಳು ಇದೇ ಜೀನ್. ಆ ಕೆಲಸದಿಂದ ಹೆಸರು ಬಂತು, ಜೇಮ್ಸ್ ಪವರ್ ಎಂಬ ವ್ಯಾಪಾರಿಯ ಪರಿಚಯವೂ ಆಯಿತು. 1818ರಲ್ಲಿ ಸಿಸಿಲಿ ದ್ವೀಪದ ಮೆಸ್ಸೀನಾ ಊರಿನಲ್ಲಿ ಅವರ ಮದುವೆ ನಡೆಯಿತು. ಮುಂದಿನ ಇಪ್ಪತ್ತಕ್ಕೂ ಹೆಚ್ಚು ವರ್ಷ ಅಲ್ಲೇ ಸಂಸಾರ.

ಗಂಡನ ಊರು, ಗೊತ್ತಿಲ್ಲದ ಭಾಷೆ, ಹೊಸ ಜನ. ಮದುವೆಯಾಗಿ ಮುಂಬಯಿಗೆ ಬಂದ ನಮ್ಮಲ್ಲಿ ಹಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊಟ್ಟೆಪಾಡಿಗೆ ಹೊಲಿಯಬೇಕಾದ ಅಗತ್ಯ ಈಗ ಜೀನ್‌ಗೆ ಇರಲಿಲ್ಲ. ಆಕೆ ದ್ವೀಪವನ್ನೆಲ್ಲ ಸುತ್ತಿದಳು. ಗಿಡ, ಚಿಟ್ಟೆ, ಚಿಪ್ಪು, ಪಳೆಯುಳಿಕೆ ಕೂಡಿಸಿದಳು. ಯಾವ ಕಾಲೇಜಿನ ಮೆಟ್ಟಿಲೂ ಹತ್ತದೆ ಪ್ರಕೃತಿವಿಜ್ಞಾನವನ್ನು ತಾನೇ ಕಲಿತಳು.

ಮೆಸ್ಸೀನಾದ ಸಮುದ್ರದಲ್ಲಿ ಆರ್ಗೊನಾಟ್ ಎಂಬ ಜೀವಿ ಇದೆ. ಆಕ್ಟೋಪಸ್ ಜಾತಿಯದು. ಅದರ ಹೆಣ್ಣು ಕಾಗದದಷ್ಟು ತೆಳ್ಳಗಿನ, ಬಿಳಿಯ, ಸುರುಳಿ ಚಿಪ್ಪಿನೊಳಗೆ ಮೊಟ್ಟೆಗಳನ್ನಿಟ್ಟುಕೊಂಡು ತೇಲುತ್ತದೆ. ಆ ಚಿಪ್ಪು ಯಾರದು ಎಂಬುದು ಹಳೆಯ ಜಗಳ. ಸನ್ಯಾಸಿ ಏಡಿ ಸತ್ತ ಶಂಖದೊಳಗೆ ಹೊಕ್ಕುವ ಹಾಗೆ ಇದೂ ಬೇರೆ ಪ್ರಾಣಿಯ ಚಿಪ್ಪನ್ನು ಕಿತ್ತುಕೊಂಡಿದೆ ಎಂದು ಪ್ಯಾರಿಸ್‌ನ ಬ್ಲೇನ್‌ವಿಲ್‌ನಂಥ ದೊಡ್ಡ ವಿದ್ವಾಂಸರು ವಾದಿಸುತ್ತಿದ್ದರು. ವಾದವೆಲ್ಲ ನಡೆಯುತ್ತಿದ್ದದ್ದು ಸತ್ತ ಪ್ರಾಣಿಯನ್ನು ಮುಂದಿಟ್ಟುಕೊಂಡು. ಬದುಕಿರುವುದನ್ನು ದಿನವೂ ನೋಡಬೇಕು ಎಂದು ಹೊರಟವಳು ಜೀನ್.

ನೋಡುವುದು ಹೇಗೆ? 1832ರಲ್ಲಿ ಆಕೆ ಸಮುದ್ರದ ನೀರು ತುಂಬಿದ ಗಾಜಿನ ತೊಟ್ಟಿ ಮಾಡಿಸಿದಳು. ಅದು ಮನೆಯೊಳಗೆ ಇಡುವಂಥದ್ದು. ಎರಡನೆಯದು ಹೊರಗೆ ಪಂಜರ, ಒಳಗೆ ಗಾಜು. ನೀರಿಗೆ ಇಳಿಸಿ ಮತ್ತೆ ಮೇಲೆತ್ತುವಂಥದ್ದು. ಮೂರನೆಯದು ಸಮುದ್ರದಲ್ಲೇ ಲಂಗರು ಹಾಕಿ ನಿಲ್ಲಿಸುವ ದೊಡ್ಡ ಪಂಜರ. ಪ್ರಾಣಿ ತನ್ನದೇ ನೀರಿನಲ್ಲಿ ಇರಬೇಕು, ನೋಡುವವರ ಕಣ್ಣಿಗೂ ಸಿಗಬೇಕು ಎಂಬುದು ಲೆಕ್ಕ. ಆ ಪಂಜರಗಳಿಗೆ ಪವರ್ ಪಂಜರ ಎಂದೇ ಹೆಸರಾಯಿತು.

ಆಮೇಲೆ ಮಾಡಿದ ಪ್ರಯೋಗ ಯಾವ ಗೃಹಿಣಿಗೂ ಅರ್ಥವಾಗುವಷ್ಟು ಸರಳ. ಬದುಕಿರುವ ಆರ್ಗೊನಾಟ್‌ನ ಚಿಪ್ಪಿನಲ್ಲಿ ಸಣ್ಣ ಚೂರು ಮುರಿದು ಕಾದಳು. ಅದು ತನ್ನ ಎರಡು ಅಗಲವಾದ ತೋಳುಗಳನ್ನು ಚಿಪ್ಪಿನ ಮೇಲೆ ಹೊದಿಸಿ, ಒಸರುವ ದ್ರವದಿಂದ ಹರಿದ ಜಾಗವನ್ನು ತಾನೇ ಮುಚ್ಚಿಕೊಂಡಿತು. ಹರಿದದ್ದಕ್ಕೆ ತೇಪೆ ಹಾಕುವುದನ್ನು ಗುರುತಿಸಲು ದರ್ಜಿಗಿಂತ ಬೇರೆ ಯಾರು ಬೇಕು ಎಂದು ಓದುವಾಗ ನನಗೆ ಅನ್ನಿಸಿತು. ಮೊಟ್ಟೆಯಿಂದ ಹೊರಬಂದ ಮರಿಗೆ ಚಿಪ್ಪೇ ಇರುವುದಿಲ್ಲ, ಬೆಳೆಯುತ್ತಾ ತಾನೇ ಕಟ್ಟಿಕೊಳ್ಳುತ್ತದೆ ಎಂಬುದನ್ನೂ ಕಂಡಳು. ಅಲ್ಲಿಗೆ ಚಿಪ್ಪು ಯಾರದು ಎಂಬ ಪ್ರಶ್ನೆ ಮುಗಿಯಿತು. 1839ರಲ್ಲಿ ಲಂಡನ್ನಿನ ರಿಚರ್ಡ್ ಓವೆನ್ ಆಕೆ ಕಳಿಸಿದ ಮಾದರಿಗಳನ್ನು ಅಲ್ಲಿನ ಪ್ರಾಣಿವಿಜ್ಞಾನ ಸಂಘದ ಮುಂದಿಟ್ಟು ಆಕೆಯ ಮಾತನ್ನೇ ಎತ್ತಿಹಿಡಿದರು.

ಕತಾನಿಯಾದ ಜೋಯೆನಿಯಾ ವಿಜ್ಞಾನ ಅಕಾಡೆಮಿಗೆ ಸದಸ್ಯೆಯಾದ ಮೊದಲ ಮಹಿಳೆ ಆಕೆ. ಪಂಜರದಲ್ಲಿ ಮೀನು ಬೆಳೆಸಿ, ಮೀನು ಕಡಿಮೆಯಾದ ನದಿಗಳಿಗೆ ಬಿಡಬಹುದು ಎಂಬ ಉಪಾಯವನ್ನೂ ಹೇಳಿದಳು. 1842ರಲ್ಲಿ ಸಿಸಿಲಿಯ ಪ್ರವಾಸಿಗರಿಗೆ ಕೈಪಿಡಿಯನ್ನೂ ಬರೆದಳು.

ಆದರೆ ಸಿಸಿಲಿಯಿಂದ ಆಕೆಯ ಸಂಗ್ರಹ, ಟಿಪ್ಪಣಿ, ಚಿತ್ರಗಳನ್ನು ಹೊತ್ತು ಹೊರಟ ಹಡಗು ಮುಳುಗಿತು. ವರ್ಷಗಟ್ಟಲೆ ಸಮುದ್ರದಿಂದ ಕಲಿತದ್ದನ್ನು ಸಮುದ್ರವೇ ಹಿಂದಕ್ಕೆ ತೆಗೆದುಕೊಂಡಿತು. 1843ರಲ್ಲಿ ದಂಪತಿ ಸಿಸಿಲಿ ಬಿಟ್ಟರು. ಆಕೆ ಬರೆದಳು, ಭಾಷಣ ಮಾಡಿದಳು, ಹೊಸ ಪ್ರಯೋಗಕ್ಕೆ ಮಾತ್ರ ಮತ್ತೆ ಕೈಹಾಕಲಿಲ್ಲ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಗಾಸ್ ಅವರ ಪುಸ್ತಕದಿಂದ ಅಕ್ವೇರಿಯಂ ಎಂಬ ಪದ ಮನೆಮಾತಾಯಿತು, ಶ್ರೀಮಂತರ ಹಜಾರಗಳಲ್ಲೆಲ್ಲ ಗಾಜಿನ ತೊಟ್ಟಿಗಳು ಬಂದವು. ಜೀನ್ ಹೆಸರು ಹಿಂದೆ ಸರಿಯಿತು. ಅದಕ್ಕೆ ಮೂಲ ಆಕೆಯೇ ಎಂದು 1858ರಲ್ಲಿ ಹೇಳಿದವರೂ ಓವೆನ್ ಅವರೇ.

1870ರ ಚಳಿಗಾಲದಲ್ಲಿ ಪ್ರಷ್ಯಾದ ಸೇನೆ ಪ್ಯಾರಿಸ್ ಮುತ್ತಿದಾಗ ಜೀನ್ ತಾನು ನಡೆದು ಬಿಟ್ಟುಬಂದಿದ್ದ ಜುಯಿಯಾಕ್‌ಗೇ ಮರಳಿದಳು. 1871ರ ಜನವರಿಯಲ್ಲಿ ಅಲ್ಲೇ ತೀರಿಕೊಂಡಳು. 1997ರಲ್ಲಿ ಶುಕ್ರಗ್ರಹದ ಒಂದು ಕುಳಿಗೆ ಆಕೆಯ ಹೆಸರಿಟ್ಟರು.

ಈ ಕಥೆ ಕೇಳಿದ ಮೇಲೆ ಮೊಮ್ಮಗ ಮತ್ತೊಮ್ಮೆ ಮಾಡೋಣ ಎಂದ. ಈ ಸಲ ಅವಸರ ಮಾಡಲಿಲ್ಲ. ನೀರಿನ ಕ್ಲೋರಿನ್ ತೆಗೆದು, ಸ್ಪಂಜ್ ಫಿಲ್ಟರ್ ಹಾಕಿ, ಕೊಳೆಯನ್ನು ಕರಗಿಸುವ ಒಳ್ಳೆಯ ಬ್ಯಾಕ್ಟೀರಿಯಾ ಬೆಳೆಯಲೆಂದು ನಾಲ್ಕು ವಾರ ಖಾಲಿ ತೊಟ್ಟಿ ನೋಡುತ್ತಾ ಕುಳಿತೆವು. ಅಡಗಲು ಪಿವಿಸಿ ಪೈಪಿನ ತುಂಡು, ಒಂದು ಮಣ್ಣಿನ ಕುಂಡ. ಮೇಲೆ ಭಾರದ ಮುಚ್ಚಳ, ಏಕೆಂದರೆ ಗಾಳಿಯ ಕೊಳವೆ ಹಿಡಿದು ಹತ್ತಿ ಹೊರಬರುವುದರಲ್ಲಿ ಇದು ಜಾಣ. ಒಂದು ತೊಟ್ಟಿಗೆ ಒಂದೇ ಸಾಕು, ಎರಡಿದ್ದರೆ ಕಾದಾಡುತ್ತವೆ. ತಾಮ್ರ ಇರುವ ಮೀನಿನ ಔಷಧ ಇದಕ್ಕೆ ವಿಷ. ಸಾಕಿ ಸಾಕಾಯಿತೆಂದು ಕೆರೆಗೆ ಬಿಡುವ ಹಾಗೂ ಇಲ್ಲ. ಇದು ನಮ್ಮ ದೇಶದ್ದಲ್ಲ, ಅಲ್ಲಿನ ಜೀವಿಗಳನ್ನು ತಿಂದು ಹಾಳುಮಾಡುತ್ತದೆ.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ತೊಟ್ಟಿಯ ತಳದಲ್ಲಿ ಅದು ಅಲುಗಾಡದೆ ಬಿದ್ದಿತ್ತು. ನನ್ನ ಎದೆ ಧಸಕ್ ಎಂದಿತು. ಎತ್ತಿ ಹೊರಹಾಕಲು ಕೈ ಮುಂದೆ ಮಾಡಿದೆ. ಅಷ್ಟರಲ್ಲಿ ಜೀನ್ ನೆನಪಾಗಿ ಕೈ ಹಿಂದೆ ತೆಗೆದೆ. ನೋಡೋಣ ಎಂದುಕೊಂಡು ಸ್ಟೂಲ್ ಎಳೆದು ಕುಳಿತೆ. ಹತ್ತು ನಿಮಿಷದ ಮೇಲೆ ಪೈಪಿನೊಳಗೆ ಎರಡು ಮೀಸೆಗಳು ಆಡಿದವು. ತಳದಲ್ಲಿದ್ದದ್ದು ಕಳಚಿದ ಚಿಪ್ಪು. ಮೆತ್ತಗಾಗಿದ್ದ ನಮ್ಮ ಕ್ರೇಫಿಶ್ ಒಳಗೆ ಬಚ್ಚಿಟ್ಟುಕೊಂಡಿತ್ತು. ಆ ಚಿಪ್ಪನ್ನು ತೆಗೆಯಬಾರದು, ಅದನ್ನೇ ತಿಂದು ಹೊಸ ಚಿಪ್ಪಿಗೆ ಬೇಕಾದ ಕ್ಯಾಲ್ಸಿಯಂ ಪಡೆಯುತ್ತದೆ.

ಪಿಯುಸಿಗೇ ನಿಂತುಹೋದ ನನ್ನ ಓದಿನ ಬಗ್ಗೆ ನನಗೆ ಇದ್ದ ಕೊರಗು ಹೋಗಿಬಿಟ್ಟಿದೆ ಎಂದರೆ ಸುಳ್ಳಾಗುತ್ತದೆ. ಆದರೆ ತೊಟ್ಟಿಯ ಪಕ್ಕದಲ್ಲಿ ಈಗ ಒಂದು ನೋಟ್‌ಬುಕ್ ಇದೆ. ಚಿಪ್ಪು ಕಳಚಿದ ದಿನ, ನೀರು ಬದಲಿಸಿದ ದಿನ, ತಿಂದದ್ದು, ಬಿಟ್ಟದ್ದು ಎಲ್ಲ ಬರೆಯುತ್ತೇನೆ. ಕೆಲವು ಪುಟಗಳಲ್ಲಿ ಮೊಮ್ಮಗನ ಅಕ್ಷರವೂ ಇದೆ. ಕ್ರೇಫಿಶ್‌ಗೆ ನಾವಿಟ್ಟ ಹೆಸರು ಏನೆಂದು ನೀವು ಊಹಿಸಿರುತ್ತೀರಿ. ಅದು ಗಂಡು ಎಂದು ಆಮೇಲೆ ತಿಳಿಯಿತು. ಆದರೂ ಜೀನ್ ಎಂದೇ ಕರೆಯುತ್ತೇವೆ.