ಸೇತುವೆ ಎಲ್ಲಿ ಕಟ್ಟಬೇಕು? 90 ದಾಟಿದ ಮೇಲೂ ಜಾಗ ನೋಡಲು ಹೊರಟ ಸರ್ ಎಂ.ವಿ.

ಮಸೂತಿ: ಸೆಪ್ಟೆಂಬರ್ 15 ಬಂದರೆ ಸಾಕು, ಪಿಡಬ್ಲ್ಯುಡಿ ಕಚೇರಿಯಿಂದ ಐಟಿಐವರೆಗೆ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋಕ್ಕೆ ಹಾರ ಬೀಳುತ್ತದೆ. ಅವರ ಹೆಸರು ಹೇಳಿದರೆ ಮಂದಿಗೆ ನೆನಪಾಗೋದು ಕನ್ನಂಬಾಡಿ ಕಟ್ಟೆ. ರಸ್ತೆ, ರೈಲು, ಸೇತುವೆ ವಿಷಯದಲ್ಲಿ ಅವರು ಮಾಡಿದ ಕೆಲಸ ಗೊತ್ತಿರೋರು ಕಡಿಮೆ. ಕೊಲ್ಹಾರದ ಸೇತುವೆ ಮೇಲೆ ಕೃಷ್ಣಾ ನದಿ ದಾಟಿ ವ್ಯಾಪಾರಕ್ಕೆ ಓಡಾಡುವವರು ತಿಳಿಯಬೇಕಾದ ಕಥೆ ಅದು.

ಚಿಕ್ಕಬಳ್ಳಾಪುರ ಹತ್ತಿರದ ಮುದ್ದೇನಹಳ್ಳಿ ಅವರ ಊರು. ಸಣ್ಣ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಹುಡುಗರಿಗೆ ಪಾಠ ಹೇಳಿಕೊಟ್ಟು, ಬಂದ ದುಡ್ಡಿನಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸಂಸ್ಥಾನದಲ್ಲಿ ಆಗ ಎಂಜಿನಿಯರಿಂಗ್ ಕಾಲೇಜೇ ಇರಲಿಲ್ಲ. ಸರ್ಕಾರದ ಸ್ಕಾಲರ್‌ಶಿಪ್ ಮೇಲೆ ಪುಣೆಗೆ ಹೋಗಿ ಕಲಿತರು.

1884ರಲ್ಲಿ ಮುಂಬಯಿ ಪ್ರಾಂತ್ಯದ ಪಿಡಬ್ಲ್ಯುಡಿಯಲ್ಲಿ ಸಹಾಯಕ ಎಂಜಿನಿಯರ್ ಆದರು. ವಿಜಾಪುರ ಜಿಲ್ಲೆಯೂ ಆಗ ಅದೇ ಪ್ರಾಂತ್ಯದಲ್ಲಿತ್ತು. ಖಾನ್‌ದೇಶದಲ್ಲಿ ಹೊಳೆಗೆ ಅಡ್ಡಲಾಗಿ ಪೈಪ್ ಹಾಕುವುದು, ಸಿಂಧ್‌ನ ಸಕ್ಕರ್ ಊರಿಗೆ ಕುಡಿಯುವ ನೀರು ಕೊಡುವುದು, ಹೀಗೆ ಒಂದೊಂದೇ ಕೆಲಸ ಮಾಡುತ್ತ ಮೇಲೆ ಬಂದರು. 1898ರಲ್ಲಿ ಜಪಾನ್‌ಗೆ ಹೋಗಿ ಅಲ್ಲಿನ ಕೈಗಾರಿಕೆ, ಶಿಕ್ಷಣ ನೋಡಿಕೊಂಡು ಬಂದರು. 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ ತಾವೇ ರೂಪಿಸಿದ ಸ್ವಯಂಚಾಲಿತ ಗೇಟು ಕೂಡಿಸಿದರು. ಕಟ್ಟೆ ಎತ್ತರಿಸದೆಯೇ ಹೆಚ್ಚು ನೀರು ನಿಂತಿತು.

1909ರಲ್ಲಿ ಮೈಸೂರಿನ ಚೀಫ್ ಎಂಜಿನಿಯರ್ ಆದಾಗ ರೈಲ್ವೆ ಕಾರ್ಯದರ್ಶಿ ಹೊಣೆಯೂ ಅವರ ಹೆಗಲಿಗೆ ಬಿತ್ತು. ಮಾಲು ಸಾಗಿಸಲು ದಾರಿ ಇಲ್ಲದಿದ್ದರೆ ಬೆಳೆಗೂ ಬೆಲೆ ಇಲ್ಲ, ಕಾರ್ಖಾನೆಗೂ ಬಾಳಿಕೆ ಇಲ್ಲ ಎಂಬುದು ಅವರ ಲೆಕ್ಕ. 1912ರಲ್ಲಿ ದಿವಾನರಾದ ಮೇಲೆ ಸಂಸ್ಥಾನದ ರೈಲು ಮಾರ್ಗ ಬೆಳೆಸಲು ಒತ್ತು ಕೊಟ್ಟರು. 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. ತಾವು ಪುಣೆಗೆ ಹೋಗಿ ಕಲಿತದ್ದನ್ನು ಮುಂದಿನ ಹುಡುಗರು ತಮ್ಮ ನಾಡಿನಲ್ಲೇ ಕಲಿಯುವಂತಾಯಿತು.

1918ರಲ್ಲಿ ದಿವಾನಗಿರಿ ಬಿಟ್ಟರೂ ಕೆಲಸ ಬಿಡಲಿಲ್ಲ. ತಿರುಪತಿಯಿಂದ ತಿರುಮಲ ಬೆಟ್ಟಕ್ಕೆ ಬಸ್ಸು ಹತ್ತುವ ಘಾಟ್ ರಸ್ತೆಯ ಯೋಜನೆಯಲ್ಲೂ ಅವರ ಕೈ ಇದೆ.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಬಂದದ್ದು 90 ದಾಟಿದ ಮೇಲೆ. ಬಿಹಾರವನ್ನು ಗಂಗಾ ನದಿ ಎರಡು ಭಾಗ ಮಾಡಿತ್ತು. ದಾಟಬೇಕಂದರೆ ಹಡಗೇ ಗತಿ. ಸೇತುವೆ ಬೇಕು ಅನ್ನೋದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಎಲ್ಲಿ ಬೇಕು ಅನ್ನೋದೇ ಜಗಳ. ಜಾಗ ತಪ್ಪಿದರೆ ನದಿ ದಿಕ್ಕು ಬದಲಿಸಬಹುದು. ರಸ್ತೆ, ರೈಲು ಎರಡೂ ಕಡೆ ಕೂಡದೆ ಹೋಗಬಹುದು. ಆಮೇಲೆ ಕಿತ್ತು ಬೇರೆ ಕಡೆ ಇಡೋ ವಸ್ತು ಅಲ್ಲ ಅದು. ಈ ಹಿರಿಯ ಮನೆಯಲ್ಲಿ ಕೂತು ನಕ್ಷೆ ನೋಡಿ ಹೇಳಲಿಲ್ಲ. ಆ ವಯಸ್ಸಿನಲ್ಲೂ ಬಿಹಾರಕ್ಕೆ ಹೋಗಿ ಜಾಗ ನೋಡಿ, ಮೊಕಾಮಾ ಸರಿ ಎಂದು ವರದಿ ಕೊಟ್ಟರು. ರಸ್ತೆ ಮತ್ತು ರೈಲು ಎರಡೂ ಹೋಗುವ, ಸುಮಾರು 2 ಕಿ.ಮೀ. ಉದ್ದದ ಆ ಸೇತುವೆ 1959ರಲ್ಲಿ ತೆರೆಯಿತು. ಅದರ ಹೆಸರು ರಾಜೇಂದ್ರ ಸೇತು.

1955ರಲ್ಲಿ ಭಾರತ ರತ್ನ ಪಡೆದ ಸರ್ ಎಂ.ವಿ. 1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಬಸ್ ಎಲ್ಲಿ ನಿಲ್ಲಬೇಕು, ಕ್ರಾಸ್ ಎಲ್ಲಿ ಬಿಡಬೇಕು, ಹಳ್ಳಕ್ಕೆ ಸೇತುವೆ ಎಷ್ಟು ಎತ್ತರ ಇರಬೇಕು ಎಂಬ ಪ್ರಶ್ನೆ ಪ್ರತಿ ಊರಲ್ಲೂ ಇದೆ. ಉತ್ತರ ಹುಡುಕುವ ಎಂಜಿನಿಯರ್ ಮೊದಲು ಜಾಗಕ್ಕೆ ಬಂದು ನಿಲ್ಲಬೇಕು. ಮುದ್ದೇನಹಳ್ಳಿಯ ಈ ಹಿರಿಯರು ಕೊನೆತನಕ ಮಾಡಿದ್ದು ಅದನ್ನೇ.