ಹಕ್ಕಿಗಳ ಚಿತ್ರಕಾರ ಜಾನ್ ಜೇಮ್ಸ್ ಆಡುಬಾನ್



ನಮ್ಮ ಸಂಘದ ಮಕ್ಕಳ ಚಿತ್ರಸ್ಪರ್ಧೆಗೆ ಈ ಸಲ ಬಂದ ಹಾಳೆಗಳಲ್ಲಿ ಹೆಚ್ಚಿನವು ಹಕ್ಕಿಗಳವೇ. ಕೆಲವು ಮಕ್ಕಳು ಜಲವರ್ಣ ಬಳಿದು, ಅದರ ಮೇಲೆ ಕ್ರೆಯಾನ್ ತಿಕ್ಕಿ, ಬೇರೆ ಕಾಗದದಿಂದ ಕತ್ತರಿಸಿದ ರೆಕ್ಕೆಯನ್ನು ಅಂಟಿಸಿದ್ದರು. ಹೀಗೆಲ್ಲ ಬೆರೆಸಿದರೆ ಅದು ಚಿತ್ರವಾಗುತ್ತದೆಯೇ ಎಂದು ಪೋಷಕರೊಬ್ಬರು ಕೇಳಿದರು. ಇನ್ನೂರು ವರ್ಷಗಳ ಹಿಂದೆಯೇ ಹೀಗೆ ಮಾಡಿ ಹೆಸರಾದವರೊಬ್ಬರಿದ್ದಾರೆ. ಅವರು ಕನ್ನಡದವರಲ್ಲ, ನಮ್ಮ ದೇಶದವರೂ ಅಲ್ಲ. ಆದರೂ ಅವರ ಬದುಕು ನಮ್ಮ ಸದಸ್ಯರಿಗೆ, ಅದರಲ್ಲೂ ಚಂದಾ ವಸೂಲಿಗೆ ತಿರುಗುವ ಪದಾಧಿಕಾರಿಗಳಿಗೆ, ಹತ್ತಿರವಾದೀತು ಎಂದು ಬರೆಯುತ್ತಿದ್ದೇನೆ.

ಆಡುಬಾನ್ ಹುಟ್ಟಿದ್ದು 1785ರ ಏಪ್ರಿಲ್ 26ರಂದು, ಇಂದಿನ ಹೈಟಿ ದೇಶದಲ್ಲಿ. ಆಗ ಅದು ಫ್ರೆಂಚರ ವಸಾಹತು. ತಂದೆ ಫ್ರೆಂಚ್ ನಾವಿಕ, ಅಲ್ಲಿ ತೋಟದ ಒಡೆಯ. ತಾಯಿ ಅವರ ಕೈಹಿಡಿದ ಹೆಂಡತಿಯಲ್ಲ. ಮಗು ಹುಟ್ಟಿದ ಕೆಲವೇ ತಿಂಗಳಲ್ಲಿ ತೀರಿಕೊಂಡರು. ಫ್ರಾನ್ಸಿನ ನಾಂತ್ ಪಟ್ಟಣದಲ್ಲಿದ್ದ ತಂದೆಯ ಹೆಂಡತಿಯೇ ಹುಡುಗನನ್ನು ಅಕ್ಕರೆಯಿಂದ ಸಾಕಿದರು. ನೆಪೋಲಿಯನ್ನನ ಸೈನ್ಯಕ್ಕೆ ಸೇರಬೇಕಾದೀತೆಂದು 1803ರಲ್ಲಿ ತಂದೆ ಮಗನನ್ನು ಅಮೆರಿಕಕ್ಕೆ, ಫಿಲಡೆಲ್ಫಿಯಾ ಸಮೀಪದ ತಮ್ಮ ಜಮೀನಿಗೆ ಕಳಿಸಿಬಿಟ್ಟರು. ಅಲ್ಲಿ ನೆರೆಯವರ ಮಗಳು ಲೂಸಿ ಬೇಕ್‌ವೆಲ್ ಪರಿಚಯವಾಗಿ, 1808ರಲ್ಲಿ ಮದುವೆಯಾಯಿತು.

ಕೆಂಟಕಿ ರಾಜ್ಯದಲ್ಲಿ ಅಂಗಡಿ ಇಟ್ಟರು. ವ್ಯಾಪಾರ ಪಾಲುದಾರನದು, ಕಾಡು ತಿರುಗುವುದು ಇವರದು. 1810ರಲ್ಲಿ ಅಲೆಕ್ಸಾಂಡರ್ ವಿಲ್ಸನ್ ಎಂಬ ಪಕ್ಷಿತಜ್ಞ ತನ್ನ ಹಕ್ಕಿಪುಸ್ತಕಕ್ಕೆ ಚಂದಾದಾರರನ್ನು ಹುಡುಕುತ್ತ ಅದೇ ಅಂಗಡಿಗೆ ಬಂದ. ಆಡುಬಾನ್ ಸಹಿ ಹಾಕಲು ಲೇಖನಿ ಎತ್ತಿದ್ದರು. ಅವರ ಚಿತ್ರಗಳೇ ಇದಕ್ಕಿಂತ ಮೇಲು ಎಂದು ಪಾಲುದಾರ ಫ್ರೆಂಚಿನಲ್ಲಿ ಹೇಳಿದ, ಲೇಖನಿ ಕೆಳಗಿಳಿಯಿತು. ವಿಲ್ಸನ್ ಬರಿಗೈಲಿ ಹೋದ. ಮುಂದೆ ಇವರೂ ಹೀಗೆಯೇ ಬಾಗಿಲು ಬಾಗಿಲಿಗೆ ಅಲೆಯಬೇಕಾಯಿತು.

ಒಮ್ಮೆ ಊರಿಗೆ ಹೋಗುವಾಗ ಸುಮಾರು ಇನ್ನೂರು ಚಿತ್ರಗಳ ಪೆಟ್ಟಿಗೆಯನ್ನು ಸಂಬಂಧಿಕರ ಮನೆಯಲ್ಲಿ ಇಟ್ಟಿದ್ದರು. ಬಂದು ತೆರೆದರೆ ಇಲಿಗಳು ಕಾಗದವನ್ನೆಲ್ಲ ಚೂರು ಮಾಡಿ ಮರಿ ಹಾಕಿದ್ದವು. ಕೆಲವು ದಿನ ಮಂಕಾಗಿ ಮಲಗಿದ್ದು, ಮತ್ತೆ ಬಂದೂಕು, ಪೆನ್ಸಿಲ್ ಹಿಡಿದು ಕಾಡಿಗೆ ಹೊರಟರು. ಸುಮಾರು ಮೂರು ವರ್ಷದಲ್ಲಿ ಕಡತ ಮತ್ತೆ ತುಂಬಿತು.

1819ರಲ್ಲಿ ಗಿರಣಿ ವ್ಯವಹಾರ ಮುಳುಗಿ ದಿವಾಳಿಯಾದರು, ಸಾಲಕ್ಕಾಗಿ ಜೈಲನ್ನೂ ಕಂಡರು. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಕೆಂಟಕಿಯಲ್ಲಿದ್ದಾಗ ಅವರು ಗುಲಾಮರನ್ನು ಕೊಂಡು ಇಟ್ಟುಕೊಂಡಿದ್ದರು, ಕೈ ಕಟ್ಟಿದಾಗ ಮಾರಿದರು. ಗುಲಾಮಗಿರಿ ತಪ್ಪೆಂದು ಆ ಕಾಲದಲ್ಲೇ ಹೇಳುವವರಿದ್ದರು. ಆದ್ದರಿಂದ ಕಾಲಧರ್ಮ ಎಂದು ಹೇಳಿ ತೇಲಿಸಲು ನನಗೆ ಮನಸ್ಸು ಬರುವುದಿಲ್ಲ.

1820ರಲ್ಲಿ ಅಮೆರಿಕದ ಹಕ್ಕಿಗಳನ್ನೆಲ್ಲ ಬರೆಯುವ ಸಂಕಲ್ಪದಿಂದ ದೋಣಿಯಲ್ಲಿ ಮಿಸಿಸಿಪಿ ನದಿಗುಂಟ ಹೊರಟರು. ಜೊತೆಗೆ ಜೋಸೆಫ್ ಮೇಸನ್ ಎಂಬ ಹದಿಮೂರು ವರ್ಷದ ಶಿಷ್ಯ. ಹಕ್ಕಿ ಗುರುವಿನದು, ಅದು ಕೂತ ಗಿಡ ಬಳ್ಳಿ ಹೂವು ಆ ಹುಡುಗನದು. ಅಚ್ಚಾದ ಹಾಳೆಗಳಲ್ಲಿ ಅವನ ಹೆಸರು ಬರಲಿಲ್ಲ. ಲೂಸಿಯವರು ಲೂಯಿಸಿಯಾನದ ತೋಟದ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳಿ ಸಂಸಾರ ನಡೆಸಿದರು. ಗಂಡನ ಪ್ರಯಾಣಕ್ಕೂ ಆ ದುಡ್ಡೇ ಆಯಿತು.

ಈಗ ಅವರು ಕೆಲಸ ಮಾಡುತ್ತಿದ್ದ ರೀತಿಗೆ ಬರೋಣ. ಆಗಿನ ಹಕ್ಕಿಚಿತ್ರಗಳೆಂದರೆ ಒಣಗಿದ ಕೊಂಬೆಯ ಮೇಲೆ ಪಕ್ಕಕ್ಕೆ ಮುಖ ಮಾಡಿ ಬೊಂಬೆಯಂತೆ ಕೂತವು. ಆಡುಬಾನ್ ಆಗತಾನೇ ಕೊಂದ ಹಕ್ಕಿಗೆ ತಂತಿ ಚುಚ್ಚಿ, ಹಾರುವಂತೆಯೋ ಕಾದಾಡುವಂತೆಯೋ ಬಾಗಿಸಿ ಹಲಗೆಗೆ ಸಿಕ್ಕಿಸುತ್ತಿದ್ದರು. ಹಲಗೆಯ ಮೇಲೆ ಚೌಕುಳಿ ಗೆರೆಗಳು, ಕಾಗದದ ಮೇಲೂ ಅದೇ ಅಳತೆಯ ಚೌಕುಳಿ. ಹೀಗಾಗಿ ಕೊಕ್ಕು, ಉಗುರು, ಬಾಲ ಯಾವುದೂ ನಿಜ ಗಾತ್ರಕ್ಕಿಂತ ಹೆಚ್ಚು ಕಡಿಮೆಯಾಗುತ್ತಿರಲಿಲ್ಲ. ಸತ್ತ ಹಕ್ಕಿಯ ಕಣ್ಣು, ಕಾಲಿನ ಬಣ್ಣ ಬೇಗ ಮಾಸುವುದರಿಂದ ಊಟ ನಿದ್ರೆ ಬಿಟ್ಟು ಕೂರುತ್ತಿದ್ದರು.

ಮೊದಮೊದಲು ಪೆನ್ಸಿಲ್ ಮತ್ತು ಪೇಸ್ಟೆಲ್ ಅಷ್ಟೇ ಬಳಸುತ್ತಿದ್ದವರು ಬರಬರುತ್ತ ಎಲ್ಲವನ್ನೂ ಬೆರೆಸಿದರು. ತಳಕ್ಕೆ ಜಲವರ್ಣ, ಮೆತ್ತನೆಯ ತುಪ್ಪುಳಕ್ಕೆ ಪೇಸ್ಟೆಲ್, ಕಪ್ಪು ಗರಿಯ ಮಿನುಗಿಗೆ ಮೇಲೊಂದು ಸಲ ಪೆನ್ಸಿಲ್ ಉಜ್ಜು, ಅಲ್ಲಲ್ಲಿ ಶಾಯಿ. ಕೊನೆಯ ವರ್ಷಗಳಲ್ಲಿ ಸಮಯ ಸಾಲದಾದಾಗ ಒಂದು ಹಾಳೆಯ ಹಕ್ಕಿಯನ್ನು ಕತ್ತರಿಸಿ ಇನ್ನೊಂದಕ್ಕೆ ಅಂಟಿಸಿದ್ದೂ ಉಂಟು. ಪೋಷಕರ ಪ್ರಶ್ನೆಗೆ ಇದೇ ಉತ್ತರ. ದೊಡ್ಡ ಹಕ್ಕಿಗಳು ಆ ದೊಡ್ಡ ಹಾಳೆಯಲ್ಲೂ ಹಿಡಿಸುತ್ತಿರಲಿಲ್ಲ. ಸೊಲ್ಲಾಪುರದ ಕಡೆಯವರು ಉಜನಿ ಹಿನ್ನೀರಿನಲ್ಲಿ ನೋಡುವ ರಾಜಹಂಸದ ಅಮೆರಿಕದ ಬಂಧುವನ್ನು ಅವರು ಕತ್ತು ನೆಲಕ್ಕೆ ಬಾಗಿದಂತೆ ಬರೆದರು. ನಿಜ ಗಾತ್ರವನ್ನು ಮಾತ್ರ ಕುಗ್ಗಿಸಲಿಲ್ಲ.

1833ರಲ್ಲಿ ಬಾಸ್ಟನ್ನಿನಲ್ಲಿ ಜೀವಂತ ಚಿನ್ನದ ಹದ್ದೊಂದನ್ನು ಕೊಂಡರು. ಬಿಟ್ಟುಬಿಡೋಣವೇ ಎಂಬ ಯೋಚನೆಯೂ ಬಂತು. ಕಡೆಗೆ ಚಿತ್ರದ ಆಸೆಯೇ ಗೆದ್ದಿತು. ಗರಿ ಕೆಡಬಾರದೆಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲ ಹೊಗೆ ಹಾಕಿದರು. ಹದ್ದು ಗಂಟೆಗಟ್ಟಲೆ ಅವರನ್ನೇ ದಿಟ್ಟಿಸುತ್ತ ನಿಂತಿತ್ತು. ಗಂಧಕದ ಹೊಗೆಗೂ ಸಾಯಲಿಲ್ಲ. ಕೊನೆಗೆ ಎದೆಗೆ ಚುಚ್ಚಿ ಕೊಂದರು. ಎರಡು ವಾರ ಅದನ್ನೇ ಬರೆದು ಕಾಯಿಲೆ ಬಿದ್ದರು. ಮೂಲ ಚಿತ್ರದ ಮೂಲೆಯಲ್ಲಿ, ಕಣಿವೆಗೆ ಅಡ್ಡಬಿದ್ದ ಮರದ ಮೇಲೆ ಬೆನ್ನಿಗೆ ಹಕ್ಕಿ ಕಟ್ಟಿಕೊಂಡು ತೆವಳುವ ಪುಟ್ಟ ಬೇಟೆಗಾರನಿದ್ದಾನೆ. ಅದು ತಮ್ಮನ್ನೇ ಬರೆದುಕೊಂಡಿದ್ದು ಎನ್ನುತ್ತಾರೆ. ಅಚ್ಚಿನಲ್ಲಿ ಆ ಮನುಷ್ಯ ಇಲ್ಲ.

ಅಚ್ಚಿನ ಕಥೆಯೂ ದೊಡ್ಡದು. ಫಿಲಡೆಲ್ಫಿಯಾದಲ್ಲಿ ವಿಲ್ಸನ್ ಕಡೆಯವರು ಅಡ್ಡಗಾಲು ಹಾಕಿದ್ದರಿಂದ 1826ರಲ್ಲಿ ಚಿತ್ರಗಳ ಕಟ್ಟು ಹೊತ್ತು ಇಂಗ್ಲೆಂಡಿಗೆ ಹಡಗು ಹತ್ತಿದರು. ಎಡಿನ್‌ಬರೋದಲ್ಲಿ ಮೊದಲ ಹತ್ತು ತಾಮ್ರದ ತಗಡುಗಳ ಕೆತ್ತನೆಯಾಗುವಾಗ ಬಣ್ಣ ತುಂಬುವವರು ಮುಷ್ಕರ ಹೂಡಿದರು. ಕೆಲಸ ಲಂಡನ್ನಿನ ಹ್ಯಾವೆಲ್ ಅವರ ಕೈಗೆ ಹೋಯಿತು. ಹಾಳೆಯ ಉದ್ದ ಮೂರು ಅಡಿಗೂ ಮಿಕ್ಕಿ. ಒಂದು ಕಂತಿಗೆ ಐದು ಚಿತ್ರ: ಒಂದು ದೊಡ್ಡದು, ಒಂದು ಮಧ್ಯಮ, ಮೂರು ಚಿಕ್ಕವು. ಬೆಲೆ ಎರಡು ಗಿನಿ. ಹೀಗೆ 87 ಕಂತು, 435 ಚಿತ್ರ, 1827ರಿಂದ 1838ರವರೆಗೆ. ಪ್ರತಿ ಹಾಳೆಗೂ ಕೈಯಿಂದಲೇ ಬಣ್ಣ.

ಮುಂಗಡ ಬಂಡವಾಳವಿಲ್ಲ. ಚಂದಾದಾರರು ಕೊಟ್ಟರೆ ಮುಂದಿನ ಕಂತು. ಲೀಡ್ಸ್, ಯಾರ್ಕ್, ಮ್ಯಾಂಚೆಸ್ಟರ್ ಎಂದು ಆಡುಬಾನ್ ತಾವೇ ಮಾದರಿ ಹಾಳೆ ಹಿಡಿದು ತಿರುಗಿದರು. ಹೆಸರು ಬರೆಸಿ ನಡುವೆ ಕೈಬಿಟ್ಟವರು ಬಹಳ. ಬಣ್ಣ ಸರಿಯಿಲ್ಲವೆಂದು ತಕರಾರು ತೆಗೆದವರೂ ಇದ್ದರು. ನಮ್ಮ ಸಂಘದ ಬಾಕಿ ಪಟ್ಟಿ ಹಿಡಿದು ಮನೆಮನೆಗೆ ಹೋಗುವಾಗ ನನಗೆ ಈ ಮನುಷ್ಯ ನೆನಪಾಗುವುದುಂಟು! ಹನ್ನೊಂದು ವರ್ಷದ ಕೊನೆಗೆ ಪೂರ್ತಿಯಾದ ಪ್ರತಿಗಳು ಇನ್ನೂರಕ್ಕೂ ಕಡಿಮೆ. 2010ರಲ್ಲಿ ಅವುಗಳಲ್ಲೊಂದು ಲಂಡನ್ ಹರಾಜಿನಲ್ಲಿ ಎಪ್ಪತ್ತು ಲಕ್ಷ ಪೌಂಡಿಗೂ ಹೆಚ್ಚಿಗೆ ಹೋಯಿತು.

ಕೈಗೆ ಕಾಸು ಬಂದದ್ದು 1840ರ ನಂತರ ಬಂದ ಸಣ್ಣ ಗಾತ್ರದ ಅಗ್ಗದ ಆವೃತ್ತಿಯಿಂದ. ನ್ಯೂಯಾರ್ಕಿನ ಹಡ್ಸನ್ ನದಿ ದಂಡೆಯಲ್ಲಿ ಮನೆ ಕಟ್ಟಿದರು. ಕೊನೆಗಾಲದಲ್ಲಿ ಕಣ್ಣು, ಆಮೇಲೆ ಬುದ್ಧಿಯೂ ಮಸುಕಾಯಿತು. 1851ರ ಜನವರಿ 27ರಂದು ತೀರಿಕೊಂಡರು. ಅವರು ಆಕಾಶ ಮುಚ್ಚುವಷ್ಟು ಕಂಡಿದ್ದ ಪ್ಯಾಸೆಂಜರ್ ಪಾರಿವಾಳದ ಕೊನೆಯ ಹಕ್ಕಿ 1914ರಲ್ಲಿ ಸತ್ತಿತು. ಕ್ಯಾರೊಲಿನಾ ಗಿಳಿಯೂ ಈಗಿಲ್ಲ.

ಇಬ್ಬರು ಗಂಡುಮಕ್ಕಳೂ ತಾಯಿಗಿಂತ ಮೊದಲೇ ಹೋದರು. ಸಾಲದಲ್ಲಿದ್ದ ಲೂಸಿಯವರು 1863ರಲ್ಲಿ ಮೂಲ ಜಲವರ್ಣಗಳನ್ನು ನ್ಯೂಯಾರ್ಕ್ ಹಿಸ್ಟಾರಿಕಲ್ ಸೊಸೈಟಿಗೆ ಮಾರಿದರು. ಅವು ಈಗಲೂ ಅಲ್ಲಿವೆ. ತಾಮ್ರದ ತಗಡುಗಳಲ್ಲಿ ಬಹುಪಾಲು ಗುಜರಿ ಬೆಲೆಗೆ ಹೋಗಿ ಕರಗಿದವು. ಎಪ್ಪತ್ತು ದಾಟಿದ ಆಕೆ ಮತ್ತೆ ಮಕ್ಕಳಿಗೆ ಪಾಠ ಹೇಳಲು ಕೂತರು. ಅವರಲ್ಲಿ ಕಲಿತ ಹುಡುಗ ಜಾರ್ಜ್ ಬರ್ಡ್ ಗ್ರಿನ್ನೆಲ್, 1886ರಲ್ಲಿ ಹಕ್ಕಿಗಳನ್ನು ಕೊಲ್ಲಬಾರದೆಂದು ಒಂದು ಸಂಘ ಕಟ್ಟಿ ಅದಕ್ಕೆ ಆಡುಬಾನ್ ಹೆಸರಿಟ್ಟ.