ವಿಲ್ಹೆಲ್ಮ್ ಯೊಹಾನ್ಸೆನ್ (1857–1927): ಬೀಜದ ಗಾತ್ರವನ್ನು ತೂಗಿ ನೋಡಿದ ವಿಜ್ಞಾನಿ

ಬಿತ್ತನೆಗೆ ದಪ್ಪ ಕಾಳುಗಳನ್ನೇ ಆರಿಸಿ ಇಡುವುದು ರೈತರಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿಯಾಗಿದೆ. ಆರಿಸಿದ ಮಾತ್ರಕ್ಕೆ ಮುಂದಿನ ಬೆಳೆಯ ಕಾಳು ದಪ್ಪವಾಗುವುದೇ ಎಂಬ ಪ್ರಶ್ನೆಗೆ ತಕ್ಕಡಿಯ ಮೂಲಕ ಉತ್ತರ ಕಂಡುಕೊಂಡವರು ಡೆನ್ಮಾರ್ಕ್ ದೇಶದ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಯೊಹಾನ್ಸೆನ್.

ಇವರು 1857ರ ಫೆಬ್ರವರಿ 3ರಂದು ಕೋಪನ್‌ಹೇಗನ್ ನಗರದಲ್ಲಿ ಜನಿಸಿದರು. ವಿಶ್ವವಿದ್ಯಾನಿಲಯದ ವ್ಯಾಸಂಗಕ್ಕೆ ಕುಟುಂಬದ ಆರ್ಥಿಕ ಸ್ಥಿತಿ ಅವಕಾಶ ನೀಡಲಿಲ್ಲ. 1872ರಲ್ಲಿ ಔಷಧ ಅಂಗಡಿಯೊಂದರಲ್ಲಿ ಕೆಲಸ ಕಲಿಯಲು ಸೇರಿದರು. 1881ರಲ್ಲಿ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಸಹಾಯಕರಾಗಿ, 1892ರಲ್ಲಿ ಕೃಷಿ ಕಾಲೇಜಿನಲ್ಲಿ ಉಪನ್ಯಾಸಕರಾಗಿ ನೇಮಕಗೊಂಡರು. ಪದವಿಯ ಬಲವಿಲ್ಲದೆ ಕೇವಲ ಕೆಲಸದ ಬಲದಿಂದ 1905ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದುದು ಗಮನಾರ್ಹ.

ಪ್ರಯೋಗಕ್ಕೆ ಇವರು ಆರಿಸಿಕೊಂಡ ಬೆಳೆ ನಾವು ಬೀನ್ಸ್ ಎಂದು ಕರೆಯುವ ತಿಂಗಳಹುರುಳಿ. ಸದರಿ ಬೆಳೆಯಲ್ಲಿ ಹೂವು ಸಾಮಾನ್ಯವಾಗಿ ತನ್ನದೇ ಪರಾಗದಿಂದ ಕಾಯಿ ಕಟ್ಟುವುದರಿಂದ ಒಂದು ಕಾಳಿನ ಸಂತತಿಯನ್ನು ಬೆರಕೆಯಿಲ್ಲದೆ ಮುಂದುವರಿಸಬಹುದು. 'ಪ್ರಿನ್ಸೆಸ್' ಎಂಬ ತಳಿಯಿಂದ ಇಂತಹ 19 ಶುದ್ಧ ವಂಶಗಳನ್ನು ಬೇರ್ಪಡಿಸಿ, ಕಾಳುಗಳನ್ನು ತೂಗಿ ದಾಖಲಿಸಿದರು. ಅತಿ ಹಗುರ ವಂಶದ ಸರಾಸರಿ ಸುಮಾರು 350 ಮಿಲಿಗ್ರಾಂ, ಅತಿ ಭಾರದ ವಂಶದ್ದು ಸುಮಾರು 640 ಮಿಲಿಗ್ರಾಂ ಇತ್ತು. ಆದರೆ ಒಂದೇ ವಂಶದೊಳಗೆ ಸಣ್ಣ ಕಾಳನ್ನು ಬಿತ್ತಿದರೂ ದಪ್ಪ ಕಾಳನ್ನು ಬಿತ್ತಿದರೂ ಫಸಲಿನ ಸರಾಸರಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಒಂದು ವಂಶದಲ್ಲಿ 200 ಮಿಲಿಗ್ರಾಂ ಕಾಳಿನ ಸಂತತಿ ಸರಾಸರಿ 475 ಮಿಲಿಗ್ರಾಂ ತೂಗಿದರೆ, 500 ಮಿಲಿಗ್ರಾಂ ಕಾಳಿನ ಸಂತತಿ ತೂಗಿದ್ದು 458 ಮಾತ್ರ! ಲೆಕ್ಕಪತ್ರ ನೋಡುವವರಿಗೂ ಮೊದಲ ನೋಟಕ್ಕೆ ಇದು ಬರಹದ ತಪ್ಪೆಂದೇ ತೋರೀತು. ಅರ್ಥವಿಷ್ಟೇ: ವಂಶದೊಳಗಿನ ವ್ಯತ್ಯಾಸಕ್ಕೆ ಮಣ್ಣು, ತೇವ, ಕಾಯಿಯಲ್ಲಿ ಕಾಳು ಕುಳಿತ ಸ್ಥಾನ ಮೊದಲಾದವು ಕಾರಣ, ಅವು ಮುಂದಿನ ಪೀಳಿಗೆಗೆ ಹೋಗುವುದಿಲ್ಲ. ಬೆರಕೆ ಬೀಜದಿಂದ ದಪ್ಪ ಕಾಳಿನ ವಂಶವನ್ನು ಬೇರ್ಪಡಿಸಲು ಆಯ್ಕೆಯಿಂದ ಸಾಧ್ಯ. ಶುದ್ಧ ವಂಶವನ್ನು ಇನ್ನಷ್ಟು ದಪ್ಪಗೊಳಿಸಲು ಸಾಧ್ಯವಿಲ್ಲ.

ಸದರಿ ಫಲಿತಾಂಶವನ್ನು 1903ರಲ್ಲಿ ಪ್ರಕಟಿಸಿದರು. ಕಣ್ಣಿಗೆ ಕಾಣುವ ರೂಪ ಬೇರೆ, ಒಳಗಿನ ವಂಶಗುಣ ಬೇರೆ ಎಂಬುದನ್ನು ಸ್ಪಷ್ಟಪಡಿಸಿ, 1909ರ ಗ್ರಂಥದಲ್ಲಿ 'ಜೀನ್' ಎಂಬ ಪದವನ್ನು ಬಳಕೆಗೆ ತಂದರು.

ಜೀನ್ ಎಲ್ಲಿದೆ, ಯಾವ ವಸ್ತುವಿನಿಂದಾಗಿದೆ ಎಂದು ಊಹಿಸಲು ಮಾತ್ರ ಇವರು ಒಪ್ಪಲಿಲ್ಲ. ಆ ಕೆಲಸ ಅಮೆರಿಕದಲ್ಲಿ ಮುಂದುವರಿಯಿತು. 1923ರಲ್ಲಿ ಕಾರ್ಲ್ ಸ್ಯಾಕ್ಸ್ ಎಂಬ ವಿಜ್ಞಾನಿ ಇದೇ ತಿಂಗಳಹುರುಳಿಯಲ್ಲಿ ಬಣ್ಣದ ಕಾಳಿನ ತಳಿಯನ್ನೂ ಬಿಳಿ ಕಾಳಿನ ತಳಿಯನ್ನೂ ಸಂಕರಗೊಳಿಸಿದರು. ಮೊಮ್ಮಕ್ಕಳ ಪೀಳಿಗೆಯಲ್ಲಿ ಬಣ್ಣದ ಜೀನ್ ಎರಡೂ ಕಡೆಯಿಂದ ಬಂದ ಗಿಡಗಳ ಕಾಳು ಸರಾಸರಿ 307, ಒಂದೇ ಕಡೆಯಿಂದ ಬಂದವುಗಳ ಕಾಳು 283, ಬಿಳಿಯವು 264 ಮಿಲಿಗ್ರಾಂ ತೂಗಿದವು. ಬಣ್ಣದ ಜೀನಿನ ಪಕ್ಕದಲ್ಲಿಯೇ ತೂಕದ ಜೀನೂ ಇದೆ ಎಂದು ಸ್ಯಾಕ್ಸ್ ನಿರ್ಣಯಿಸಿದರು. ಗಾತ್ರದಂತಹ ಗುಣಕ್ಕೆ ವರ್ಣತಂತುವಿನ ಮೇಲೆ ಜಾಗ ಗುರುತಿಸುವ ನಕ್ಷೆಯ ಕೆಲಸ ಆರಂಭವಾದುದು ಹೀಗೆ.

ವರ್ಣತಂತುವಿನ ವಿವರಣೆಯೇ ಎಲ್ಲಕ್ಕೂ ಸಾಕೆಂಬುದರ ಬಗ್ಗೆ ಯೊಹಾನ್ಸೆನ್ ಅದೇ 1923ರಲ್ಲಿ ಲಿಖಿತವಾಗಿ ಸಂದೇಹ ವ್ಯಕ್ತಪಡಿಸಿದ್ದರು. ಇವರು 1927ರ ನವೆಂಬರ್ 11ರಂದು ನಿಧನರಾದರು. ತಿಂಗಳಹುರುಳಿಯ ಜೀನೋಮ್ 2014ರಲ್ಲಿ ಪ್ರಕಟವಾಗಿದ್ದು, ಕಾಳಿನ ತೂಕವನ್ನು ಒಂದಲ್ಲ, ಹಲವು ಜೀನ್‌ಗಳು ನಿರ್ಧರಿಸುತ್ತವೆ ಎಂಬುದು ಈಗ ತಿಳಿದಿರುತ್ತದೆ.